ಕಪ್ಪುಕುಳಿಯ ನಾದ ಹಿಡಿದ ವಿಶ್ವೇಶ್ವರ

ಸಿ.ವಿ. ವಿಶ್ವೇಶ್ವರ ಹುಟ್ಟಿದ್ದು ಬೆಂಗಳೂರಿನಲ್ಲಿ, 1938ರ ಮಾರ್ಚ್ 6ರಂದು. ತಂದೆ ಕನ್ನಡದ ಹೆಸರಾಂತ ಸಾಹಿತಿ ಸಿ.ಕೆ. ವೆಂಕಟರಾಮಯ್ಯ. ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿ ಅಮೆರಿಕಕ್ಕೆ ಹೋದ ವಿಶ್ವೇಶ್ವರ ಮೊದಲು ಕೊಲಂಬಿಯಾದಲ್ಲಿ, ಆಮೇಲೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಓದಿದರು. ಅಲ್ಲಿ ಗುರುವಾಗಿ ದೊರೆತವರು ಚಾರ್ಲ್ಸ್ ಮಿಸ್ನರ್.

ಆಗಿನ್ನೂ ಕಪ್ಪುಕುಳಿ ಎಂಬ ಹೆಸರು ಚಾಲ್ತಿಗೆ ಬಂದಿರಲಿಲ್ಲ. ಐನ್‌ಸ್ಟೈನರ ಸಮೀಕರಣಗಳಿಗೆ 1916ರಲ್ಲಿ ಶ್ವಾರ್ಜ್‌ಶೀಲ್ಡ್ ಕೊಟ್ಟ ಉತ್ತರದೊಳಗೆ ಅದು ಅಡಗಿ ಕುಳಿತಿತ್ತು, ಅಷ್ಟೇ. ಅಂಥದ್ದೊಂದು ಕಾಯವನ್ನು ತುಸು ಅಲುಗಾಡಿಸಿದರೆ ಅದು ಉಳಿಯುತ್ತದೆಯೋ, ಕೆಟ್ಟುಹೋಗುತ್ತದೆಯೋ? ಕೆಡುವುದಾದರೆ ಆಕಾಶದಲ್ಲಿ ಅದನ್ನು ಹುಡುಕುವುದೇ ದಂಡ. ಉಳಿಯುತ್ತದೆ ಎಂದು ವಿಶ್ವೇಶ್ವರ ಲೆಕ್ಕ ಹಾಕಿ ತೋರಿಸಿದರು.

ಸರಿ, ಬೆಳಕನ್ನೂ ಬಿಟ್ಟುಕೊಡದ ಅದನ್ನು ಗುರುತಿಸುವುದು ಹೇಗೆ? ಪಾಳುಬಾವಿಗೆ ಕಲ್ಲೆಸೆದು, ಸದ್ದು ಕೇಳಿ ಆಳ ಅಂದಾಜು ಮಾಡುವಂತೆ, ಅವರು ಕಪ್ಪುಕುಳಿಯತ್ತ ಗುರುತ್ವ ಅಲೆಗಳನ್ನು, ಎಂದರೆ ದೇಶಕಾಲದಲ್ಲಿ ಏಳುವ ತರಂಗಗಳನ್ನು, ಎಸೆದರು. ಎಸೆದದ್ದು ಕಂಪ್ಯೂಟರ್ ಲೆಕ್ಕದಲ್ಲಿ. ಅಗಲವಾದ ಅಲೆತುಣುಕು ಹೋದಂತೆಯೇ ಮರಳಿ ಬಂತು, ವಿಶೇಷವೇನೂ ಇಲ್ಲ. ಕಿರಿದು ಮಾಡುತ್ತ ಹೋದಾಗ, ಅದರ ಅಗಲ ಕಪ್ಪುಕುಳಿಯ ಗಾತ್ರಕ್ಕೆ ಸಮೀಪಿಸಿದೊಡನೆ, ಮರಳಿದ ಅಲೆ ಬಾರಿಸಿದ ಗಂಟೆಯಂತೆ ಕಂಪಿಸಿ ಕ್ರಮೇಣ ಅಡಗಿತು. ಬಡಿದದ್ದು ಯಾವುದೇ ಇರಲಿ, ನಾದ ಗಂಟೆಯದೇ. ಕಂಪನ ಎಷ್ಟು ಚುರುಕು, ಎಷ್ಟು ಬೇಗ ಅಡಗುತ್ತದೆ ಎಂಬುದರಿಂದ ಕಪ್ಪುಕುಳಿಯ ದ್ರವ್ಯರಾಶಿ ತಿಳಿಯುತ್ತದೆ. 1970ರಲ್ಲಿ ‘ನೇಚರ್’ ಪತ್ರಿಕೆ ಈ ಬಗ್ಗೆ ಅವರು ಬರೆದ ಪುಟ್ಟ ಲೇಖನವನ್ನು ಪ್ರಕಟಿಸಿತು. ಈ ಅಡಗುವ ಕಂಪನಕ್ಕೆ ‘ಕ್ವಾಸಿ ನಾರ್ಮಲ್ ಮೋಡ್’ ಎಂಬ ಒರಟು ಹೆಸರು ಆಮೇಲೆ ಬೇರೆಯವರು ಇಟ್ಟದ್ದು.

1976ರಲ್ಲಿ ಬೆಂಗಳೂರಿಗೆ ಮರಳಿ ರಾಮನ್ ಸಂಶೋಧನಾ ಸಂಸ್ಥೆ, ಮುಂದೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಸೇರಿದರು. 1989ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ. ಗುರುತ್ವದ ಬಗ್ಗೆ ವ್ಯಂಗ್ಯಚಿತ್ರ ಬರೆಯುವ ಹವ್ಯಾಸವೂ ಇತ್ತು. ಗಂಭೀರ ವಿಜ್ಞಾನಿಗಳ ಸಮ್ಮೇಳನಗಳಿಗೆ ಅದು ಬೇಕಾಗಿಯೂ ಇತ್ತು.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳಿಗೆ ಮೊದಲ ಗುರುತ್ವ ಅಲೆ ಸಿಕ್ಕಿತು. ಸೂರ್ಯನ ಸುಮಾರು 36 ಮತ್ತು 29 ಪಟ್ಟು ತೂಗುವ ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದು ಒಂದಾಗಿದ್ದವು. ಆ ಅಲೆಯ ಕೊನೆಯಲ್ಲಿ, ಸೆಕೆಂಡಿನ ಕಿರುಭಾಗದಷ್ಟು ಹೊತ್ತು, ಅದೇ ಗಂಟೆಯ ಅಡಗುವ ಕಂಪನ. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿದ್ದಾಗ ವಿಶ್ವೇಶ್ವರರಿಗೆ 77 ವರ್ಷ. 2017ರ ಜನವರಿ 16ರಂದು ಅವರು ತೀರಿಕೊಂಡರು.