ಸಿಡಿಲುಸಲಾಕೆಯಿಂದ ವಿದ್ಯುತ್ ಕಾರಿನವರೆಗೆ: ಮನೆಯ ತಂತಿಯಲ್ಲಿನ ಉಬ್ಬರ ಮತ್ತು ಅದರ ನಿವಾರಣೆ

ಮನೆಯಂಗಳದಲ್ಲಿಯೇ ವಿದ್ಯುಚ್ಛಕ್ತಿಯನ್ನು ತುಂಬಿಕೊಳ್ಳುವ ಕಾರುಗಳು ನಮ್ಮ ನಗರಗಳಲ್ಲಿ ಈಗ ಅಪರೂಪವಲ್ಲ. ಬೆಂಗಳೂರಿನಲ್ಲಿ ನಿರ್ಮಾಣಗೊಂಡ ರೇವಾ ಕಾರು 2001ರಲ್ಲಿ ಮಾರಾಟಕ್ಕೆ ಬಂದಿತು. ಅಲ್ಲಿಂದೀಚೆಗೆ ಇವುಗಳ ಬಳಕೆ ಹೆಚ್ಚುತ್ತಲೇ ಇದೆ. ಇಂಥ ವಾಹನವು ಗಂಟೆಗಟ್ಟಲೆ, ಅನೇಕ ವೇಳೆ ರಾತ್ರಿಯಿಡೀ, ಮನೆಯ ತಂತಿಗೆ ಅಂಟಿಕೊಂಡಿರುತ್ತದೆ. ಆ ತಂತಿಯಲ್ಲಿ ಹಠಾತ್ತಾಗಿ ತಲೆದೋರಿ ಮರೆಯಾಗುವ ಅತಿಯಾದ ವೋಲ್ಟೇಜಿಗೆ 'ವಿದ್ಯುತ್ ಉಬ್ಬರ'ವೆಂದು ಹೆಸರಿಡಬಹುದು. ಇದನ್ನು ತಡೆಯುವ ಬಗೆ ಯಾವುದು? ಪ್ರಶ್ನೆಯು ಯಂತ್ರಶಾಸ್ತ್ರಕ್ಕೆ ಸೇರಿದ್ದೆಂದು ತೋರಿದರೂ, ಉತ್ತರದ ಮೂಲವನ್ನು ಹದಿನೆಂಟನೆಯ ಶತಮಾನದ ಇತಿಹಾಸದಲ್ಲಿ ಅರಸಬೇಕಾಗಿದೆ.

ಸಿಡಿಲೆಂಬುದು ವಿದ್ಯುತ್ತೇ ಎಂಬ ಬೆಂಜಮಿನ್ ಫ್ರಾಂಕ್ಲಿನ್ನನ ಊಹೆಯನ್ನು 1752ರ ಮೇ ತಿಂಗಳಲ್ಲಿ ಫ್ರಾನ್ಸಿನ ಮಾರ್ಲಿ ಎಂಬಲ್ಲಿ ಪ್ರಯೋಗದಿಂದ ಸ್ಥಾಪಿಸಲಾಯಿತು. ಮರುವರ್ಷ, 1753ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನ ವಿದ್ವಾಂಸ ರಿಖ್‌ಮನ್ನನು ಅದೇ ಬಗೆಯ ಪರೀಕ್ಷೆಗೆ ತೊಡಗಿ ಸಿಡಿಲಿಗೆ ಬಲಿಯಾದನು. ಅವನು ಮನೆಯ ಮೇಲೆ ನಿಲ್ಲಿಸಿದ್ದ ಸಲಾಕೆಗೆ ನೆಲದ ಸಂಪರ್ಕವಿರಲಿಲ್ಲ. ಆದುದರಿಂದ ಸಿಡಿಲು ಆತನ ದೇಹದ ಮೂಲಕವೇ ದಾರಿ ಮಾಡಿಕೊಂಡಿತು. ಫ್ರಾನ್ಸಿನ ಸೇಂಟ್ ಓಮರ್ ಪಟ್ಟಣದಲ್ಲಿ ವಿಸೆರಿ ಎಂಬಾತನು ಮನೆಯ ಮೇಲೆ ಸಲಾಕೆಯನ್ನು ನೆಟ್ಟಾಗ ನೆರೆಯವರು ಬೆದರಿದರು. ಅದನ್ನು ತೆಗೆಸಬೇಕೆಂದು ಅಧಿಕಾರಿಗಳು ಆಜ್ಞಾಪಿಸಿದರು. 1783ರಲ್ಲಿ ವಿಸೆರಿಯ ಪರವಾಗಿ ವಾದಿಸಿ ಗೆದ್ದ ತರುಣ ವಕೀಲನೇ ಮುಂದೆ ಫ್ರೆಂಚ್ ಕ್ರಾಂತಿಯಲ್ಲಿ ಪ್ರಸಿದ್ಧನಾದ ರೋಬ್‌ಸ್ಪಿಯರ್. ಈ ಎರಡು ಘಟನೆಗಳಿಂದ ಒಂದೇ ತತ್ತ್ವವು ವ್ಯಕ್ತವಾಗುತ್ತದೆ: ಸಲಾಕೆಯು ಸಿಡಿಲನ್ನು ಅಡ್ಡಗಟ್ಟುವುದಿಲ್ಲ, ಅದಕ್ಕೆ ನೆಲದತ್ತ ಸುಗಮವಾದ ದಾರಿಯನ್ನು ಒದಗಿಸುತ್ತದೆ. ದಾರಿಯು ನೆಲವನ್ನು ಮುಟ್ಟದಿದ್ದಲ್ಲಿ ರಕ್ಷಣೆಯೇ ಅಪಾಯವಾಗಿ ಪರಿಣಮಿಸುವುದು.

ನಮ್ಮ ನಾಡಿನಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಬಯಲಿನಲ್ಲಿ ಹಾಯುವ ತಂತಿಗಳು ಊರೂರಿಗೆ ಹಬ್ಬಿದಂತೆ, ದೂರದಲ್ಲಿ ಎರಗಿದ ಸಿಡಿಲಿನ ಪ್ರಭಾವವೂ ಮನೆಯೊಳಕ್ಕೆ ಬರುವುದು ಸಾಧ್ಯವಾಯಿತು. ಸಿಡಿಲು ನೇರವಾಗಿ ತಂತಿಗೆ ಬಡಿಯಬೇಕೆಂದಿಲ್ಲ. ಸಮೀಪದ ಮರಕ್ಕೆ ಬಡಿದರೂ ತಂತಿಯಲ್ಲಿ ಸಾವಿರಾರು ವೋಲ್ಟುಗಳ ಉಬ್ಬರವೇಳಬಹುದು. ದೊಡ್ಡ ಮೋಟಾರುಗಳನ್ನು ಚಾಲೂ ಮಾಡುವಾಗ ಮತ್ತು ನಿಲ್ಲಿಸುವಾಗಲೂ ಕಿರಿಯ ಉಬ್ಬರಗಳು ಏಳುತ್ತವೆ. ಏಪ್ರಿಲ್, ಮೇ ತಿಂಗಳುಗಳ ಗುಡುಗುಮಳೆಯ ಕಾಲದಲ್ಲಿ ಈ ಭಯ ಅಧಿಕ.

ಮನೆಗೆ ಬರುವುದು 230 ವೋಲ್ಟಿನ ಪರ್ಯಾಯ ವಿದ್ಯುತ್ತು. ಬ್ಯಾಟರಿಗೆ ಬೇಕಾದುದು ಏಕಮುಖ ವಿದ್ಯುತ್ತು. ಈ ಪರಿವರ್ತನೆಯನ್ನು ಮಾಡುವ ಚಾರ್ಜರ್ ಕಾರಿನೊಳಗೇ ಇರುತ್ತದೆ. ಉಬ್ಬರದ ಪೆಟ್ಟು ಮೊದಲು ತಗಲುವುದು ಇದರ ಸೂಕ್ಷ್ಮಾಂಗಗಳಿಗೆ. ಮನೆಯಲ್ಲಿರುವ ಎಂ.ಸಿ.ಬಿ.ಯು ಇದನ್ನು ತಡೆಯುವುದೆಂಬ ನಂಬಿಕೆ ವ್ಯಾಪಕವಾಗಿದೆ; ಅದು ಸರಿಯಲ್ಲ. ಎಂ.ಸಿ.ಬಿ.ಯು ಅಧಿಕ ಪ್ರವಾಹವನ್ನು ಕಂಡು ಕಡಿದುಹಾಕಲು ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟಾದರೂ ಕಾಲ ಬೇಕು. ಉಬ್ಬರವಾದರೋ ಸೆಕೆಂಡಿನ ಹತ್ತು ಲಕ್ಷದ ಕೆಲವು ಭಾಗಗಳಲ್ಲಿ ತನ್ನ ಕಾರ್ಯವನ್ನು ಮುಗಿಸಿರುತ್ತದೆ. ಸೋರುವ ವಿದ್ಯುತ್ತಿನಿಂದ ಮನುಷ್ಯರನ್ನು ಕಾಪಾಡುವ ಆರ್.ಸಿ.ಸಿ.ಬಿ.ಯು ಅತ್ಯಗತ್ಯವಾದರೂ ಅದರ ಉದ್ದೇಶವೇ ಬೇರೆ.

ಇದಕ್ಕೆಂದೇ ಇರುವ ಸಾಧನವು ಎಸ್.ಪಿ.ಡಿ. ಎಂಬ ಉಬ್ಬರರಕ್ಷಕ. ಇದರ ಹೃದಯಭಾಗದಲ್ಲಿ ಸಾಮಾನ್ಯವಾಗಿ ಸತುವಿನ ಆಕ್ಸೈಡಿನಿಂದಾದ ಬಿಲ್ಲೆಯಿರುತ್ತದೆ. ಎಂದಿನ ವೋಲ್ಟೇಜಿನಲ್ಲಿ ಈ ಬಿಲ್ಲೆಯು ವಿದ್ಯುತ್ತನ್ನು ಹರಿಯಗೊಡುವುದಿಲ್ಲವೆಂದೇ ಹೇಳಬಹುದು. ವೋಲ್ಟೇಜು ಮಿತಿಮೀರಿದೊಡನೆ ಬಾಗಿಲು ತೆರೆದಂತೆ ಅದನ್ನು ನೆಲದತ್ತ ಹರಿಸಿ, ಮರುಕ್ಷಣವೇ ಮುಚ್ಚಿಕೊಳ್ಳುತ್ತದೆ. ಫ್ರಾಂಕ್ಲಿನ್ನನ ಸಲಾಕೆಯ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತಿದೆ. ಮನೆಯ ಮೇಲೆ ಸಿಡಿಲುಸಲಾಕೆಯಿದ್ದಲ್ಲಿ ಸಿಡಿಲಿನ ನೇರ ಪ್ರವಾಹವನ್ನು ತಾಳುವ ಮೊದಲನೆಯ ವರ್ಗದ ರಕ್ಷಕವು ಬೇಕು. ಇಲ್ಲದಲ್ಲಿ ಮುಖ್ಯ ಹಂಚಿಕೆಯ ಪೆಟ್ಟಿಗೆಯಲ್ಲಿ ಎರಡನೆಯ ವರ್ಗದ್ದು ಸಾಮಾನ್ಯವಾಗಿ ಸಾಕು. ಕಾರು ನಿಲ್ಲುವ ಸ್ಥಳವು ಪೆಟ್ಟಿಗೆಯಿಂದ ಹತ್ತು ಮೀಟರಿಗಿಂತ ದೂರವಿದ್ದರೆ ಅಲ್ಲಿಯೂ ಇನ್ನೊಂದನ್ನು ಇಡುವುದು ಉಚಿತ.

ಜೋಡಣೆಯಲ್ಲಿ ಗಮನಿಸತಕ್ಕ ಅಂಶಗಳು ಎರಡು. ಮೊದಲನೆಯದು ಭೂಸಂಪರ್ಕ. ಅರ್ಥಿಂಗ್ ಇಲ್ಲದ, ಅಥವಾ ಹೆಸರಿಗೆ ಮಾತ್ರವಿರುವ ಮನೆಯಲ್ಲಿ ಎಷ್ಟು ಬೆಲೆಯ ರಕ್ಷಕವನ್ನಿಟ್ಟರೂ ರಿಖ್‌ಮನ್ನನ ಸಲಾಕೆಯ ಗತಿಯೇ ಅದಕ್ಕೂ ಬರುವುದು. ಕಾರಿನ ಲೋಹದ ಮೈಯನ್ನು ಮುಟ್ಟುವವರ ಪ್ರಾಣವೂ ಇದನ್ನೇ ಅವಲಂಬಿಸಿದೆ. ಎರಡನೆಯದು ತಂತಿಯ ಉದ್ದ. ಹತ್ತು ಸಾವಿರ ಆಂಪಿಯರಿನ ಉಬ್ಬರವು ಹರಿಯುವಾಗ ಒಂದು ಮೀಟರ್ ತಂತಿಯಲ್ಲಿಯೇ ಸಾವಿರ ವೋಲ್ಟುಗಳಿಗೂ ಮೀರಿದ ಒತ್ತಡವು ಉಂಟಾಗಬಲ್ಲುದು. ಅದು ಕಾರಿನ ಪಾಲಿಗೇ ಸೇರುವುದು. ಆದುದರಿಂದ ರಕ್ಷಕಕ್ಕೆ ಜೋಡಿಸುವ ತಂತಿಗಳ ಒಟ್ಟು ಉದ್ದವು ಅರ್ಧ ಮೀಟರನ್ನು ಮೀರಬಾರದೆಂಬುದು ನಿಯಮ.

ಉಬ್ಬರವಲ್ಲದ ಇನ್ನೊಂದು ಕೇಡನ್ನೂ ಇಲ್ಲಿ ಬೇರ್ಪಡಿಸಿ ಹೇಳಬೇಕು. ಬೀದಿಯ ಮೂರು ಫೇಸಿನ ವ್ಯವಸ್ಥೆಯಲ್ಲಿ ನ್ಯೂಟ್ರಲ್ ತಂತಿಯು ಕಡಿದುಹೋದರೆ ಕೆಲವು ಮನೆಗಳಿಗೆ 400 ವೋಲ್ಟಿನ ಸಮೀಪದವರೆಗೆ ಏರಿದ ವಿದ್ಯುತ್ತು ನಿಮಿಷಗಟ್ಟಲೆ ಹರಿಯಬಹುದು. ಕ್ಷಣಕಾಲದ ಪೆಟ್ಟನ್ನು ತಾಳಲೆಂದು ರಚಿತವಾದ ಬಿಲ್ಲೆಯು ಇಂಥ ದೀರ್ಘ ಹೊರೆಯಿಂದ ಕಾದು ಸುಟ್ಟುಹೋಗುವುದು. ಇದಕ್ಕೆ ವೋಲ್ಟೇಜು ಮಿತಿಮೀರಿದಾಗ ಸಂಪರ್ಕವನ್ನೇ ಕಡಿಯುವ ಪ್ರತ್ಯೇಕ ಸಾಧನ ಬೇಕು.

ಅನುಕ್ರಮವನ್ನು ಹೀಗೆ ಹೇಳಬಹುದು: ಮೊದಲು ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರರಿಂದ ಅರ್ಥಿಂಗನ್ನು ಅಳತೆ ಮಾಡಿಸುವುದು, ಬಳಿಕ ಕಾರಿಗೆಂದೇ ಪ್ರತ್ಯೇಕ ತಂತಿ ಮತ್ತು ಆರ್.ಸಿ.ಸಿ.ಬಿ.; ಅನಂತರ ಉಬ್ಬರರಕ್ಷಕ ಮತ್ತು ವೋಲ್ಟೇಜು ಮಿತಿಯ ಸಾಧನ. ಪ್ರತಿಯೊಂದು ಪೆಟ್ಟಿನಿಂದಲೂ ಬಿಲ್ಲೆಯು ಸವೆಯುವುದರಿಂದ, ರಕ್ಷಕದ ಮೇಲಿನ ಸಣ್ಣ ಕಿಂಡಿಯು ಹಸಿರಿನಿಂದ ಕೆಂಪಿಗೆ ತಿರುಗಿದೆಯೇ ಎಂದು ಆಗಾಗ್ಗೆ, ಮುಖ್ಯವಾಗಿ ಗುಡುಗುಮಳೆಯಾದ ಮರುದಿನ, ನೋಡತಕ್ಕುದು. ನೇರವಾಗಿ ಎರಗುವ ಸಿಡಿಲಿಗೆ ಪೂರ್ಣ ರಕ್ಷಣೆಯನ್ನು ಯಾವ ಸಾಧನವೂ ಒದಗಿಸಲಾರದು. ಮೋಡ ಕವಿಯುವುದನ್ನು ಕಂಡಾಗಲೇ ಕಾರಿನ ಪ್ಲಗ್ಗನ್ನು ಬಿಡಿಸಿಡಬೇಕು. ಗುಡುಗು ತಲೆಯ ಮೇಲೆ ಬಂದ ತರುವಾಯ ಅದನ್ನು ಮುಟ್ಟಲು ಹೋಗಬಾರದು.