ಗ್ಲಾಬ್ ಭದ್ರತಾ ದೋಷ (ಸಿವಿಇ-2025-64756)

ಗ್ಲಾಬ್ ಭದ್ರತಾ ದೋಷವು ನೋಡ್.ಜೆಎಸ್ ವೇದಿಕೆಯಲ್ಲಿ ಕಡತಗಳನ್ನು ಹುಡುಕಲು ಬಳಸುವ 'ಗ್ಲಾಬ್' ಎಂಬ ತಂತ್ರಾಂಶ ಲೈಬ್ರರಿಯಲ್ಲಿ ಕಂಡುಬಂದ ಒಂದು ದೋಷವಾಗಿದೆ. ಇದು 2025ರ ನವೆಂಬರ್ ತಿಂಗಳಿನಲ್ಲಿ ಬಹಿರಂಗವಾಯಿತು. ಕಡತದ ಹೆಸರಿನೊಳಗೆ ಅಡಗಿಸಿಟ್ಟ ಆಜ್ಞೆಯು ಇನ್ನೊಬ್ಬರ ಗಣಕದಲ್ಲಿ ಚಾಲನೆಗೊಳ್ಳಲು ಇದು ಎಡೆಮಾಡಿಕೊಡುತ್ತಿತ್ತು. 10.5.0 ಮತ್ತು 11.1.0 ಆವೃತ್ತಿಗಳಲ್ಲಿ ಇದನ್ನು ಸರಿಪಡಿಸಲಾಗಿದೆ.

ಹಿನ್ನೆಲೆ

ನಕ್ಷತ್ರ ಚಿಹ್ನೆಯಂತಹ (*) ಸಂಕೇತಗಳಿರುವ ವಿನ್ಯಾಸವೊಂದನ್ನು ಕೊಟ್ಟು, ಅದಕ್ಕೆ ಹೊಂದುವ ಎಲ್ಲ ಕಡತಗಳ ಹೆಸರನ್ನು ಪಡೆಯುವ ವಿಧಾನಕ್ಕೆ ಗ್ಲಾಬ್ ಎಂದು ಹೆಸರು. ಬೆಲ್ ಪ್ರಯೋಗಾಲಯದ ಆರಂಭಿಕ ಯುನಿಕ್ಸ್‌ನಲ್ಲಿ ಇದೇ ಕೆಲಸಕ್ಕಾಗಿ ಇದೇ ಹೆಸರಿನ ಕ್ರಮವಿಧಿಯಿತ್ತು. ನೋಡ್.ಜೆಎಸ್‌ನ ಗ್ಲಾಬ್ ಅನ್ನು ಎನ್‌ಪಿಎಂನ ಸೃಷ್ಟಿಕರ್ತ ಐಸಾಕ್ ಶ್ಲೂಟರ್ ರಚಿಸಿದರು.

ದೋಷದ ಸ್ವರೂಪ

ಗ್ಲಾಬ್ ಅನ್ನು ಆಜ್ಞಾ ಸಾಲಿನಿಂದಲೂ ಬಳಸಬಹುದು. ಅಲ್ಲಿನ '-ಸಿ' ಆಯ್ಕೆಯು ದೊರೆತ ಕಡತಗಳ ಹೆಸರನ್ನು ಬಳಕೆದಾರರು ಸೂಚಿಸಿದ ಮತ್ತೊಂದು ಆಜ್ಞೆಗೆ ಒದಗಿಸುತ್ತದೆ. ದೋಷವಿದ್ದ ಆವೃತ್ತಿಗಳಲ್ಲಿ ಈ ಹೆಸರುಗಳು ಶೆಲ್‌ನ ಮೂಲಕ ಹಾದುಹೋಗುತ್ತಿದ್ದವು. ಶೆಲ್ ತನಗೆ ಬಂದ ಸಾಲನ್ನು ಕೇವಲ ಪಠ್ಯವೆಂದು ಪರಿಗಣಿಸದೆ, ಅದರಲ್ಲಿನ ವಿಶೇಷ ಚಿಹ್ನೆಗಳನ್ನು ಅರ್ಥೈಸುತ್ತದೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಓರೆಗೆರೆ ಮತ್ತು ಶೂನ್ಯ ಅಕ್ಷರವನ್ನು ಬಿಟ್ಟು ಉಳಿದೆಲ್ಲ ಚಿಹ್ನೆಗಳೂ ಕಡತದ ಹೆಸರಿನಲ್ಲಿ ಇರಬಹುದು. ಆದ್ದರಿಂದ 'ವರದಿ$(ಆಜ್ಞೆ)' ಎಂಬ ರೂಪದ ಹೆಸರು ಎದುರಾದಾಗ, ಶೆಲ್ ಆವರಣದೊಳಗಿನ ಆಜ್ಞೆಯನ್ನು ಮೊದಲು ಚಲಾಯಿಸುತ್ತಿತ್ತು. ಕಡತದೊಳಗೆ ಏನಿದೆ ಎಂಬುದು ಇಲ್ಲಿ ಅಪ್ರಸ್ತುತ. ಕಡತವು ಖಾಲಿಯಿದ್ದರೂ ಅಪಾಯ ತಪ್ಪುತ್ತಿರಲಿಲ್ಲ.

ವ್ಯಾಪ್ತಿ

10.2.0ರಿಂದ 10.5.0ಕ್ಕಿಂತ ಹಿಂದಿನ ಹಾಗೂ 11.0.0ರಿಂದ 11.1.0ಕ್ಕಿಂತ ಹಿಂದಿನ ಆವೃತ್ತಿಗಳು ದೋಷಕ್ಕೆ ಒಳಗಾಗಿದ್ದವು. ಇದರ ತೀವ್ರತೆಯನ್ನು 10ಕ್ಕೆ 7.5 ಎಂದು ಅಂದಾಜಿಸಲಾಯಿತು. ಹೊರಗಿನವರು ಕಳುಹಿಸಿದ ಕೋಡ್ ಅನ್ನು ತಾನಾಗಿಯೇ ಪರೀಕ್ಷಿಸುವ ಸರ್ವರ್‌ಗಳಲ್ಲಿ '-ಸಿ' ಆಯ್ಕೆ ಬಳಕೆಯಲ್ಲಿದ್ದರೆ, ಅಲ್ಲಿನ ಗುಪ್ತಪದಗಳು ಕಳುವಾಗುವ ಸಂಭವವಿತ್ತು. ಆದರೆ ಗ್ಲಾಬ್‌ನ ಫಂಕ್ಷನ್‌ಗಳನ್ನು ತಮ್ಮ ಕ್ರಮವಿಧಿಯೊಳಗಿನಿಂದ ಕರೆದು ಬಳಸುವವರಿಗೆ ಈ ದೋಷ ತಟ್ಟುವುದಿಲ್ಲ.

ಪರಿಹಾರ

ಅಪಾಯಕಾರಿ ಚಿಹ್ನೆಗಳನ್ನು ಒಂದೊಂದಾಗಿ ಸೋಸುವುದು ನಂಬಲರ್ಹವಾದ ಕ್ರಮವಲ್ಲ. ಒಂದು ಚಿಹ್ನೆ ಕಣ್ತಪ್ಪಿದರೂ ದೋಷ ಉಳಿಯುತ್ತದೆ. ತಿದ್ದಿದ ಆವೃತ್ತಿಗಳಲ್ಲಿ ಕಡತಗಳ ಹೆಸರನ್ನು ಆಜ್ಞೆಯ ಸಾಲಿಗೆ ಬೆರೆಸದೆ, ಪ್ರತ್ಯೇಕ ಆರ್ಗ್ಯುಮೆಂಟ್‌ಗಳಾಗಿ ರವಾನಿಸಲಾಗುತ್ತದೆ. ಆಗ ಹೆಸರಿನಲ್ಲಿ ಯಾವ ಚಿಹ್ನೆಯಿದ್ದರೂ ಅದು ಹೆಸರಾಗಿಯೇ ಉಳಿಯುತ್ತದೆ. ಆಜ್ಞೆಗೆ ಹೆಚ್ಚುವರಿ ಆರ್ಗ್ಯುಮೆಂಟ್‌ಗಳನ್ನು ಸುರಕ್ಷಿತವಾಗಿ ನೀಡಲು '-ಜಿ' ಎಂಬ ಹೊಸ ಆಯ್ಕೆಯನ್ನು ಸೇರಿಸಲಾಯಿತು. ಹಳೆಯ ವರ್ತನೆಯೇ ಬೇಕೆನ್ನುವವರಿಗೆ 'ಶೆಲ್' ಎಂಬ ಆಯ್ಕೆಯನ್ನು ಎಚ್ಚರಿಕೆಯ ಸೂಚನೆಯೊಂದಿಗೆ ಒದಗಿಸಲಾಯಿತು.

ಗ್ಲಾಬ್ ಅನೇಕ ಯೋಜನೆಗಳಲ್ಲಿ ಬೇರೆ ಪ್ಯಾಕೇಜುಗಳ ಮೂಲಕ ಪರೋಕ್ಷವಾಗಿ ಸೇರಿಕೊಂಡಿರುತ್ತದೆ. ಆದುದರಿಂದ ನೇರವಾಗಿ ಅಳವಡಿಸದವರೂ ತಮ್ಮ ಅವಲಂಬನೆಗಳ ಪಟ್ಟಿಯಲ್ಲಿರುವ ಆವೃತ್ತಿಯನ್ನು ಪರಿಶೀಲಿಸಿ ನವೀಕರಿಸುವುದು ಅವಶ್ಯಕ.