ಚರ್ಮದೊಳಗಿನ ಕೊಡೆ

ಹಳಗನ್ನಡ ಕಾವ್ಯಗಳನ್ನು ಮೂರು ದಶಕ ಪಾಠ ಹೇಳಿದವನಿಗೆ ‘ಬೆಳ್ಗೊಡೆ’ ಎಂಬ ಮಾತಿನ ಮೇಲೆ ಮೋಹವಿರುವುದು ಸಹಜ. ಅರಸನ ತಲೆಯ ಮೇಲೆ ಹಿಡಿಯುವ ಬಿಳಿಯ ಕೊಡೆ ಅದು, ಪ್ರಭುತ್ವದ ಲಾಂಛನ. ಲಾಂಛನವಾಗುವ ಮೊದಲು ಅದು ಬಿಸಿಲನ್ನು ತಡೆಯುವ ವಸ್ತುವಾಗಿತ್ತೆಂಬ ಸರಳ ಸಂಗತಿಯನ್ನು ನಾನು ತರಗತಿಯಲ್ಲಿ ಎಂದೂ ಹೇಳಿದವನಲ್ಲ. ನನಗೇ ಅದು ಹೊಳೆದದ್ದು ನಲವತ್ತೊಂದರ ವಯಸ್ಸಿನಲ್ಲಿ, ಎಡಗೈಯ ಹಿಂಬದಿಯಲ್ಲಿ ಒಂದು ಬಿಳಿಯ ಮಚ್ಚೆ ಮೂಡಿದ ಮೇಲೆ.

ಇದನ್ನು ನಮ್ಮ ಜನ ತೊನ್ನು ಎನ್ನುತ್ತಾರೆ. ಕುಷ್ಠವನ್ನೂ ಇದೇ ಶಬ್ದದಿಂದ ಕರೆಯುವ ವಾಡಿಕೆ ಇದ್ದುದರಿಂದ, ಯಾರಿಗೂ ಅಂಟದ, ಕುಷ್ಠಕ್ಕೆ ಏನೇನೂ ಸಂಬಂಧವಿಲ್ಲದ ಈ ಬಿಳುಪಿಗೆ ಬಂದ ಅಪವಾದ ಅಷ್ಟಿಷ್ಟಲ್ಲ. ಶಬ್ದ ಮಾಡಿದ ತಪ್ಪಿಗೆ ಎಷ್ಟು ಹೆಣ್ಣುಮಕ್ಕಳ ಮದುವೆ ಮುರಿದಿವೆಯೋ! ಇರಲಿ.

ಆ ವರ್ಷ ಚೈತ್ರದ ಹುಣ್ಣಿಮೆಗೆ, ಹಂಪಿಯ ತೇರಿಗೆಂದು ಕಮಲಾಪುರದಿಂದ ನಡೆದೇ ಹೋಗಿದ್ದೆ. ತೋಳು ಮಡಿಚಿದ ಅಂಗಿ. ಹಗಲೆಲ್ಲ ವಿರೂಪಾಕ್ಷನ ಬೀದಿಯಲ್ಲಿ ನಿಂತಿದ್ದೆ. ಸಂಜೆಗೆ ಆ ಬಿಳಿಯ ಮಚ್ಚೆ ಕೆಂಡದಂತೆ ಕೆಂಪಾಯಿತು, ಮರುದಿನ ನೀರುಗುಳ್ಳೆ ಎದ್ದಿತು. ಅದರ ಅಂಚಿಗೆ ತಾಗಿಯೇ ಇದ್ದ ಕಂದು ಚರ್ಮಕ್ಕೆ ಏನೂ ಆಗಿರಲಿಲ್ಲ. ಒಂದೇ ಕೈ, ಒಂದೇ ಬಿಸಿಲು, ಫಲ ಎರಡು.

ಸುಟ್ಟದ್ದು ಬಿಸಿಲಿನ ಕಾವು ಎಂದು ನಾನು ತಿಳಿದಿದ್ದೆ. ಅದು ತಪ್ಪು. 1801ರಲ್ಲಿ ಜರ್ಮನಿಯ ರಿಟ್ಟರ್ ಎಂಬ ವಿಜ್ಞಾನಿ, ಸೂರ್ಯನ ಬೆಳಕಿನಲ್ಲಿ ನೇರಳೆಯ ಆಚೆಗೆ ಕಣ್ಣಿಗೆ ಕಾಣದ ಕಿರಣಗಳಿವೆ, ಅವು ಬೆಳ್ಳಿಯ ಲವಣವನ್ನು ಕಪ್ಪಾಗಿಸುತ್ತವೆ ಎಂದು ತೋರಿಸಿದ. ಚರ್ಮವನ್ನು ಸುಡುವುದು ಈ ಅತಿನೇರಳೆ ಕಿರಣ. ಇದಕ್ಕೆ ಕಾವಿಲ್ಲದ ಕಾರಣ ಹೊಳೆಯ ದಂಡೆಯ ತಂಗಾಳಿಯಲ್ಲಿ, ತೆಳುಮೋಡದ ದಿನದಲ್ಲಿ ನಾವು ಮೋಸಹೋಗುತ್ತೇವೆ. ಇದರಲ್ಲಿ ಒಂದು ಬಗೆ ಮೇಲ್ಚರ್ಮವನ್ನು ಸುಡುತ್ತದೆ. ಇನ್ನೊಂದು ಕಿಟಕಿಯ ಗಾಜನ್ನೂ ದಾಟಿ ಬಂದು ಒಳಪದರಕ್ಕಿಳಿದು ಸುಕ್ಕು ತರುತ್ತದೆ. ಎರಡೂ ಜೀವಕೋಶದ ವಂಶಲಿಪಿಯಲ್ಲಿ ಅಕ್ಷರಗಳನ್ನು ಕೆಡಿಸುತ್ತವೆ. ದೇಹ ಅವನ್ನು ದಿನವೂ ತಿದ್ದುತ್ತಿರುತ್ತದೆ. ಕರಡು ತಿದ್ದಿದವರಿಗೆ ಗೊತ್ತು, ಹತ್ತಾರು ವರ್ಷಗಳಲ್ಲಿ ಒಂದೆರಡು ತಪ್ಪು ಕಣ್ತಪ್ಪಿ ಉಳಿದೇ ಉಳಿಯುತ್ತವೆ. ಹಾಗೆ ಉಳಿದ ತಪ್ಪು ಕ್ಯಾನ್ಸರಿನ ಬೀಜವಾಗಬಲ್ಲದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1992ರಲ್ಲಿಯೇ ಬಿಸಿಲನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

ಹಾಗಾದರೆ ನನ್ನ ಕಂದು ಚರ್ಮ ಉಳಿದದ್ದು ಹೇಗೆ? ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವ ಕೋಶಗಳಿವೆ. ಬಿಳಿಯರಲ್ಲಿಯೂ ಕರಿಯರಲ್ಲಿಯೂ ಅವುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ಹಂಚುವ ಕಣಗಳ ಗಾತ್ರ ಮತ್ತು ಪ್ರಮಾಣಗಳಲ್ಲಿ ಮಾತ್ರ ವ್ಯತ್ಯಾಸ. ಸೊಗಸಾದ ವಿಷಯವೆಂದರೆ, ಈ ಕಣಗಳು ಪ್ರತಿಯೊಂದು ಕೋಶದಲ್ಲಿಯೂ ಕೋಶಕೇಂದ್ರದ ನೆತ್ತಿಯ ಮೇಲೆ, ಬಿಸಿಲು ಬರುವ ಕಡೆಗೇ ಕವಿದುಕೊಂಡಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಅದು ಥೇಟ್ ಕೊಡೆಯಂತೆ ಕಾಣುತ್ತದೆಯಂತೆ. ಅರಸನಿಗೆ ಒಂದೇ ಬೆಳ್ಗೊಡೆ. ನಮ್ಮ ಹೊಲದಾಳಿಗೆ ಕೋಟಿ ಕೋಟಿ ಕರಿಗೊಡೆಗಳು. ತೊನ್ನಾದ ಕಡೆ ಕೊಡೆ ಹಿಡಿಯುವವನೇ ಇಲ್ಲ. ಹುಟ್ಟಿನಿಂದಲೇ ಮೈಯೆಲ್ಲ ಬೆಳ್ಳಗಿರುವ ಮಕ್ಕಳಿದ್ದಾರಲ್ಲ, ಅವರ ಗತಿ ಇನ್ನೂ ಕಠಿಣ. ಬಿಸಿಲಿನ ಕ್ಯಾನ್ಸರ್ ಅವರಿಗೆ ಎಳೆಯ ವಯಸ್ಸಿನಲ್ಲಿಯೇ ಬರಬಲ್ಲದು. ಅಂಥ ಮಗುವನ್ನು ಶಾಲೆಯ ಮೈದಾನದಲ್ಲಿ ಎಲ್ಲರೊಡನೆ ಸಾಲಿಗೆ ನಿಲ್ಲಿಸುವ ಮುನ್ನ ಉಪಾಧ್ಯಾಯರು ಒಂದು ಕ್ಷಣ ಯೋಚಿಸಬೇಕು.

ಕಪ್ಪು ಮೈಯವರಿಗೆ ಚರ್ಮದ ಕ್ಯಾನ್ಸರ್ ಬಾರದು ಎಂಬ ಮಾತು ಮುಕ್ಕಾಲು ನಿಜ; ಕೊಲ್ಲುವುದು ಉಳಿದ ಕಾಲುಭಾಗ. ನಮ್ಮವರಲ್ಲಿ ಅದು ಬಿಸಿಲು ಬೀಳದ ಕಡೆಯೂ ಬರುತ್ತದೆ. 1945ರಲ್ಲಿ ಮುಂಬಯಿಯ ಖಾನೋಲ್ಕರ್ ಮತ್ತು ಸೂರ್ಯಾಬಾಯಿ ಎಂಬ ಸಂಶೋಧಕರು, ಧೋತರ ಬಿಗಿದು ಬಿಗಿದು ನವೆದ ಸೊಂಟದ ಚರ್ಮದಲ್ಲಿ ಏಳುವ ಕ್ಯಾನ್ಸರನ್ನು ವರ್ಣಿಸಿದರು. ಹಳೆಯ ಸುಟ್ಟ ಗಾಯದ ಕಲೆಯಲ್ಲಿ ಬರುವುದುಂಟು. ಎಲ್ಲಕ್ಕಿಂತ ಕ್ರೂರವಾದ ಮೆಲನೋಮ ನಮ್ಮಂಥವರಲ್ಲಿ ಅಂಗಾಲು, ಅಂಗೈ, ಉಗುರಿನ ಸಂದಿಗಳನ್ನು ಹುಡುಕಿಕೊಳ್ಳುತ್ತದೆ. ಜಮೈಕಾದ ಗಾಯಕ ಬಾಬ್ ಮಾರ್ಲಿ 1981ರಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿ ಹುಟ್ಟಿದ ಇದೇ ರೋಗದಿಂದ. ಆಗ ಅವನಿಗೆ ಮೂವತ್ತಾರು ವರ್ಷ.

ನಮ್ಮ ಬಾಳೆತೋಟ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರ ಹಿಮ್ಮಡಿಯಲ್ಲಿ ಒಂದು ಕಪ್ಪು ಚುಕ್ಕೆ ಇತ್ತು. ಕೇಳಿದರೆ, “ಮುಳ್ಳು ಮುರಿದೈತೆ ಸಾರ್, ಏನಿಲ್ಲ ಬಿಡ್ರಿ” ಎಂದು ಎಕ್ಕದ ಹಾಲು ಹಚ್ಚುತ್ತಿದ್ದರು. ನಾನೂ ಬಿಟ್ಟೆ. ನನ್ನ ಬಿಳಿಯ ಮಚ್ಚೆಯನ್ನು ದಿನಕ್ಕೆ ಹತ್ತು ಸಲ ನೋಡಿಕೊಳ್ಳುತ್ತಿದ್ದವನು ಅವರ ಕರಿಯ ಮಚ್ಚೆ ಒಂದು ವರ್ಷದಲ್ಲಿ ನಾಲ್ಕಾಣೆಯಷ್ಟಾದದ್ದನ್ನು ಗಮನಿಸಲಿಲ್ಲ. ಬೆಂಗಳೂರಿಗೆ ಕರೆದೊಯ್ಯುವ ಹೊತ್ತಿಗೆ ತೊಡೆಯ ಸಂದಿಯಲ್ಲಿ ಗಂಟು ಕಟ್ಟಿತ್ತು. ಮುಂದಿನ ಚೈತ್ರವನ್ನು ಅವರು ಕಾಣಲಿಲ್ಲ.

ಆದ್ದರಿಂದ ಸ್ನಾನದ ಹೊತ್ತಿಗೆ ಅಂಗಾಲನ್ನೂ ಒಮ್ಮೆ ತಿರುಗಿಸಿ ನೋಡಿಕೊಳ್ಳಿ ಎನ್ನುತ್ತೇನೆ. ಅಂಚು ಸೊಟ್ಟಗಾಗಿ, ಬಣ್ಣ ಬಗೆಬಗೆಯಾಗಿ, ದಿನೇ ದಿನೇ ಬೆಳೆಯುವ ಮಚ್ಚೆ. ಒಂದು ತಿಂಗಳಾದರೂ ಮಾಯದ ಹುಣ್ಣು. ಮತ್ತೆ ಬಾಯಿಬಿಟ್ಟ ಹಳೆಯ ಸುಟ್ಟ ಕಲೆ — ಇವನ್ನು ವೈದ್ಯರಿಗೆ ತೋರಿಸಬೇಕು, ಎಕ್ಕಕ್ಕಲ್ಲ.

ಇನ್ನು ಬಿಸಿಲಿನ ಮಾತು. ಮೈಗೆ ‘ಡಿ’ ಜೀವಸತ್ವ ಬೇಕು, ಅದಕ್ಕೆ ಬಿಸಿಲೂ ಬೇಕು. ಕತ್ತಲಮನೆಯಲ್ಲಿ ಕೂರಿರೆಂದು ನಾನು ಹೇಳುತ್ತಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವಷ್ಟು ಹೊತ್ತು ಕಿರಣ ತೀಕ್ಷ್ಣವೆಂದು ತಿಳಿದರೆ ಸಾಕು, ಗಡಿಯಾರ ಬೇಡ. ರುಮಾಲು ನೆತ್ತಿಯನ್ನು ಕಾಯುತ್ತದೆಯೇ ಹೊರತು ಮೂಗನ್ನೂ ಕೆಳದುಟಿಯನ್ನೂ ಕಾಯುವುದಿಲ್ಲ. ಸೆರಗನ್ನು ಮುಂದಕ್ಕೆಳೆದುಕೊಳ್ಳುವ ನಮ್ಮ ಹೆಂಗಸರೇ ಜಾಣರು. ಒತ್ತಾದ ನೇಯ್ಗೆಯ ಗಾಢವರ್ಣದ ಬಟ್ಟೆ ಒಳ್ಳೆಯದು. ಬೆವರಿನಲ್ಲಿ ತೊಯ್ದ ತೆಳು ಬಿಳಿಯ ಅಂಗಿ ಕಿರಣಗಳನ್ನು ಹೆಚ್ಚಾಗಿ ಒಳಬಿಡುತ್ತದೆ. ಹಂಪಿಗೆ ಬರುವ ವಿದೇಶಿಯರು ಬಳಿದುಕೊಳ್ಳುವ ಮುಲಾಮು ಉಪಯುಕ್ತವೇ. ಮೂವತ್ತರ ಅಂಕೆಯದು ಚರ್ಮ ಸುಡುವ ಕಿರಣದಲ್ಲಿ ನೂರಕ್ಕೆ 97 ಪಾಲನ್ನು ತಡೆಯುತ್ತದೆ. ಆದರೆ ದಪ್ಪವಾಗಿ ಹಚ್ಚಬೇಕು, ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಕೂಲಿಯವರಿಗೆ ಆ ಬೆಲೆ ಹೇಳಲು ನನಗೆ ನಾಚಿಕೆ. ನನ್ನಂಥ ಮಚ್ಚೆಯವರು ಮಚ್ಚೆಗಷ್ಟೇ ಹಚ್ಚಿದರೂ ನಡೆಯುತ್ತದೆ.

ನಮ್ಮ ಊರಿನ ನೆತ್ತಿಯ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ ನೇರವಾಗಿ ಬರುತ್ತಾನೆ: ಮೇ ತಿಂಗಳ ಮೊದಲ ದಿನಗಳಲ್ಲೊಮ್ಮೆ, ಆಗಸ್ಟಿನ ಎರಡನೆಯ ವಾರದಲ್ಲೊಮ್ಮೆ. ಮೇ ತಿಂಗಳ ಆ ದಿನ ಮಧ್ಯಾಹ್ನ ಹನ್ನೆರಡೂ ಇಪ್ಪತ್ತರ ಸುಮಾರಿಗೆ ನಮ್ಮ ಅಂಗಳದ ತುಳಸಿಕಟ್ಟೆಯ ನೆರಳು ಕಟ್ಟೆಯ ಬುಡದಲ್ಲಿಯೇ ಅಡಗಿಬಿಡುತ್ತದೆ. ಮೊಮ್ಮಗಳು ಅದನ್ನು ನೋಡಲು ಓಡಿಬರುತ್ತಾಳೆ. ನಾನು ಕೊಡೆ ಬಿಚ್ಚಿಕೊಂಡು ಹೋಗುತ್ತೇನೆ.